ಏನೂ ಬಾರದವಳ ಪಂಚನಾಮೆ

ಆಳಂದದ ತಹಶೀಲ ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಷನ್, ಫ್ಲೆಕ್ಸ್ ಡಿಸೈನ್ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಇಪ್ಪತ್ತು ವರ್ಷಗಳಿಂದ ಈ ಸೀಮೆಯ ಜನರ ಸುಳ್ಳನ್ನೂ ನಿಜವನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಟೈಪ್ ಮಾಡಿ ಕೊಡುತ್ತಾ ಬಂದಿದ್ದೇನೆ. ನನ್ನ ಹೆಸರು ನದೀಮ. ಈ ಕಥೆಯಲ್ಲಿ ನನ್ನ ತಪ್ಪಿನ ಪಾಲೂ ಇದೆ. ಆದರೆ ದೌಲತರಾಯರ ಪಾಲು ದೊಡ್ಡದು, ಅದನ್ನೇ ಮೊದಲು ಹೇಳುತ್ತೇನೆ.

ದೌಲತರಾಯರು ನಮ್ಮ ಓಣಿಯವರು, ಸರ್ಕಾರಿ ಗುಮಾಸ್ತರಾಗಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಮನುಷ್ಯ ಹುಟ್ಟುತ್ತಾನೆ, ಸಾಯುತ್ತಾನೆ, ನಡುವೆ ಇರುವುದೆಲ್ಲ ಲಗತ್ತು ಎಂಬುದು ಅವರ ಸಿದ್ಧಾಂತ. ಒಬ್ಬಳೇ ಮಗಳ ತೊಟ್ಟಿಲ ಕಾರ್ಯಕ್ರಮಕ್ಕೆ ಹಂಚಿದ ಕರೆಯೋಲೆಯ ಕೆಳಗೂ ‘ಲಗತ್ತು: ಇಲ್ಲ’ ಎಂದು ಅಚ್ಚು ಹಾಕಿಸಿದ ಪುಣ್ಯಾತ್ಮರು. ಆ ತೊಟ್ಟಿಲ ಕೂಸು ಐಶ್ವರ್ಯಾ, ಈಗ ಬಿಸಿಎ ಓದುತ್ತಿದ್ದಾಳೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಐಶ್ವರ್ಯಾ ಮಧ್ಯಾಹ್ನ ನನ್ನ ಅಂಗಡಿಗೆ ಬರುತ್ತಿದ್ದಳು. ಗಿರಾಕಿಗಳು ಊಟಕ್ಕೆ ಹೋದ ಹೊತ್ತು ನನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂತು ಕುಟುಕುತ್ತಿದ್ದಳು. ಓಪನ್ ಸೋರ್ಸ್ ಎಂದರೇನು ಎಂದು ನನಗೆ ತಿಳಿಸಿದವಳು ಅವಳೇ. ಬೇಸಿಗೆಯಲ್ಲಿ ಬಸ್ ನಿಲ್ದಾಣದ ಹತ್ತಿರ ಅರವಟ್ಟಿಗೆ ಇಡುತ್ತಾರಲ್ಲ, ಹಾಗೆ ಎಲ್ಲರಿಗೂ ತೆರೆದಿಟ್ಟ ಕಂಪ್ಯೂಟರ್ ಪ್ರೋಗ್ರಾಂ ಅದು. ಯಾರು ಬೇಕಾದರೂ ಕುಡಿಯಬಹುದು, ಯಾರು ಬೇಕಾದರೂ ಕೊಡ ತುಂಬಿಸಬಹುದು. ಹಳ್ಳಿ ಬಸ್ಸುಗಳ ವೇಳೆ ತೋರಿಸುವ ಅಂಥದ್ದೊಂದು ಪ್ರೋಗ್ರಾಂ ಇತ್ತು. ಮಾದನಹಿಪ್ಪರಗಾಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಹೋಗುವ ಬಸ್ಸನ್ನು ಅದು ಮಧ್ಯರಾತ್ರಿಗೆ ಹೊರಡಿಸುತ್ತಿತ್ತು. ಈ ಹುಡುಗಿ ಜನವರಿಯಲ್ಲಿ ಅದನ್ನು ತಿದ್ದಿ ಕಳಿಸಿದಳು, ಅದನ್ನು ನಡೆಸುವವರು ಒಪ್ಪಿಕೊಂಡರು. ಅದು ಅವಳ ಮೊದಲ ಕೊಡ ನೀರು.

ಆಮೇಲೆ ಅವಳ ಕಣ್ಣಿಗೆ ಒಂದು ಯೋಜನೆ ಬಿತ್ತು. ಪರದೇಶದ ಒಂದು ಸಂಸ್ಥೆ ಇಂಥ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರನ್ನು ಆರಿಸಿ, ಮೂರು ತಿಂಗಳು ವಿದ್ಯಾರ್ಥಿವೇತನ ಕೊಟ್ಟು, ಒಬ್ಬ ಬಲ್ಲವರ ಕೈಕೆಳಗೆ ಕೆಲಸ ಕಲಿಸುತ್ತದೆ. ಹುಡುಗಿ ಅರ್ಜಿ ಹಾಕಿದಳು.

“ಪಗಾರದ ಮಾತ ಬಿಡ್ರಿ ನದೀಮಣ್ಣ,” ಎಂದಳು ನನ್ನ ಹತ್ತಿರ. “ನಾ ಕೇಳೋ ಪ್ರಶ್ನಾಕ್ಕ ಉತ್ತರಾ ಹೇಳವರು ಇಲ್ಲಿ ಒಬ್ಬರೂ ಇಲ್ಲ. ಮೂರು ತಿಂಗಳು ಒಬ್ಬರು ಸಿಗ್ತಾರ. ನನಗ ಅದು ಬೇಕಾಗೇದ.”

ಅಷ್ಟೇ ಅವಳ ಆಸೆ. ಆಸೆ ಚಿಕ್ಕದಿತ್ತು, ಅಪ್ಪನಿಗೆ ಗೊತ್ತಾಗುವವರೆಗೆ ಸುರಕ್ಷಿತವಾಗಿಯೂ ಇತ್ತು.

ಯೋಜನೆಯ ನಿಯಮಗಳ ಹಾಳೆಯನ್ನು ಹಿಡಿದುಕೊಂಡು ದೌಲತರಾಯರು ಒಂದು ಬೆಳಿಗ್ಗೆ ಅಂಗಡಿಗೆ ಬಂದರು. ಅದರಲ್ಲಿ ನಾಲ್ಕೇ ನಿಯಮಗಳಿದ್ದವು. ಹದಿನೆಂಟು ತುಂಬಿರಬೇಕು. ಓಪನ್ ಸೋರ್ಸ್ ಕೆಲಸಕ್ಕೆ ಹೊಸಬರಾಗಿರಬೇಕು. ಅರ್ಜಿದಾರರೇ ಸ್ವತಃ ವ್ಯವಹರಿಸಬೇಕು. ಕೇಳುವವರೆಗೆ ಯಾವ ದಾಖಲೆಯನ್ನೂ ಕಳಿಸಬಾರದು. ದೌಲತರಾಯರು ಓದಿದ್ದು ತಲೆಬರಹವನ್ನು ಮಾತ್ರ. ‘ಅರ್ಹತೆ’ ಎಂಬ ಶಬ್ದ ಕಂಡ ಕೂಡಲೇ ಅವರ ಓದು ನಿಲ್ಲುತ್ತದೆ, ಓಟ ಶುರುವಾಗುತ್ತದೆ.

“ಅರ್ಹತಾ ಅಂತ ಬರದಾರ ನೋಡು ನದೀಮ. ಅಂದ್ರ ಕಾಗದ ಕೇಳ್ಯಾರ.”

“ಕಾಗದ ಕಳಿಸಬ್ಯಾಡ್ರಿ ಅಂತ ಬರದಾರಲ್ರಿ ಕಾಕಾ.”

“ಹುಚ್ಚ ಇದ್ದೀದಿ. ಬ್ಯಾಡ ಅಂದಾರಂದ್ರ ಪರೀಕ್ಷಾ ಮಾಡಾಕತ್ತಾರ. ಕೇಳೋ ಮೊದಲ ಯಾರು ಕೊಡ್ತಾರ, ಅವರ ಫೈಲ್ ಮ್ಯಾಲ ಬರತದ. ಮೂವತ್ತೈದು ವರ್ಷ ನಾ ಏನು ಕತ್ತೆ ಕಾಯ್ದೇನಿ?”

“ಹೊಸಬರಿಗೆ ಮಾತ್ರ ಅಂತ್ಲೂ ಅದ್ರಿ.”

“ಎಲ್ಲಾರೂ ಹಂಗ ಬರೀತಾರ. ಪೇಪರಿನ್ಯಾಗ ಹೊಸಬರು ಬೇಕಾಗ್ಯಾರ ಅಂತಾರ, ಒಳಗ ಹೋಗಿ ಕುಂತ್ರ ಐದು ವರ್ಷದ ಅನುಭವ ಅದ ಏನು ಅಂತ ಕೇಳ್ತಾರ. ಏನೂ ಬರದವರಿಗೆ ಜಗತ್ತಿನ್ಯಾಗ ಯಾರರ ಕರದು ಕೊಡ್ತಾರೇನು?”

ನಮ್ಮ ಕಡೆ ನಡೆಯುವುದೂ ಹಾಗೆಯೇ.

ಮರುದಿನದಿಂದ ಅವರ ದಂಡಯಾತ್ರೆ ಆರಂಭವಾಯಿತು. ಜಾತಿ, ಆದಾಯ, ವಾಸಸ್ಥಳ, ನಡತೆ, ಕಲ್ಯಾಣ ಕರ್ನಾಟಕದವರೆಂಬ 371(ಜೆ) ಪತ್ರ, ಎಲ್ಲವನ್ನೂ ಟ್ರಂಕಿನಿಂದ ತೆಗೆದರು. ಹುಡುಗಿಗೆ ಪೋಲಿಯೊ ಹನಿ ಹಾಕಿಸಿದ ಕಾರ್ಡೂ ಹೊರಬಂತು. ಇವೆಲ್ಲ ಇದ್ದದ್ದೇ. ಇಲ್ಲದ್ದನ್ನು ತರಲು ಅವರು ಅಫಜಲಪುರದ ಬಸ್ ಹತ್ತಿದರು.

ಅಫಜಲಪುರದಲ್ಲಿ ಅವರ ತಂಗಿಯ ಮಗ ಸಂಜುಕುಮಾರ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾನೆ. ಕೇಂದ್ರದಲ್ಲಿ ನಾಲ್ಕು ಕಂಪ್ಯೂಟರ್ ಇವೆ, ಎರಡು ಮಾತ್ರ ಚಾಲೂ ಆಗುತ್ತವೆ. ಪ್ರಿಂಟರ್ ಮಾತ್ರ ಎಂದೂ ಕೆಟ್ಟದ್ದಿಲ್ಲ, ಆ ಕೇಂದ್ರದ ನಿಜವಾದ ಅಧ್ಯಾಪಕ ಅದೇ.

“ಎಷ್ಟು ವರ್ಷ ಅನುಭವ ಅಂತ ಬರೀಲ್ರಿ ಮಾಮಾ?” ಎಂದು ಸಂಜುಕುಮಾರ ಕೇಳಿದನಂತೆ.

“ನೀನ ತಿಳದವ. ನಮ್ಮ ಹುಡುಗಿಗೆ ಕಮ್ಮಿ ಆಗಬಾರ್ದು ನೋಡು.”

ಸಂಜುಕುಮಾರ ಹತ್ತು ಎಂದು ಬರೆದ. ಹತ್ತು ವರ್ಷಗಳಿಂದ ನಮ್ಮ ಸಂಸ್ಥೆಯಲ್ಲಿ ಹಿರಿಯ ಓಪನ್ ಸೋರ್ಸ್ ವಿಜ್ಞಾನಿಯಾಗಿ ಸೇವೆ ಸಲ್ಲಿಸುತ್ತಿದ್ದಾರೆ ಎಂದು ಬಣ್ಣದ ಮುದ್ರೆಯನ್ನೂ ಒತ್ತಿದ. ಹುಡುಗಿಗೆ ಈಗ ಇಪ್ಪತ್ತು. ಹತ್ತು ವರ್ಷದ ಹಿಂದೆ ಆ ವಿಜ್ಞಾನಿ ಅತನೂರಿನ ಅಜ್ಜಿ ಮನೆಯಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಆ ಕೇಂದ್ರವೇ ಶುರುವಾಗಿ ನಾಲ್ಕು ವರ್ಷವಾಗಿದೆ. ಇಂಥ ಲೆಕ್ಕಗಳು ಮಾಮನಿಗೂ ಅಳಿಯನಿಗೂ ಹೊಳೆಯಲಿಲ್ಲ.

ಅಲ್ಲಿಂದ ಜೇವರ್ಗಿಗೆ. ಜೇವರ್ಗಿಯ ಭಗವಂತ ಎಂಬವರು ಒಂದು ಪ್ರತಿಭಾ ವೇದಿಕೆಯ ಸಂಸ್ಥಾಪಕ ಅಧ್ಯಕ್ಷರು. ಅದರ ಕಾರ್ಯದರ್ಶಿಯೂ ಅವರೇ, ಸದಸ್ಯರೂ ಅವರೇ. ವೇದಿಕೆಯಿಂದ ವರ್ಷಕ್ಕೆ ನೂರಾರು ರತ್ನಗಳು ಹೊರಬೀಳುತ್ತವೆ. ಹಾರ ವೇದಿಕೆಯದು, ಶಾಲನ್ನು ರತ್ನವಾಗುವವರೇ ತರಬೇಕು. ಐಶ್ವರ್ಯಾ ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಆದ್ದರಿಂದ ದೌಲತರಾಯರು ತಮ್ಮ ಮದುವೆಯ ಶಾಲನ್ನು ತಾವೇ ಒಯ್ದು, ಭಗವಂತರಿಂದ ತಾವೇ ಹೊದಿಸಿಕೊಂಡು, ‘ಅಂತರರಾಷ್ಟ್ರೀಯ ತಂತ್ರಜ್ಞಾನ ರತ್ನ’ ಪ್ರಶಸ್ತಿಯನ್ನು ಮಗಳ ಪರವಾಗಿ ಸ್ವೀಕರಿಸಿ ಬಂದರು. ಫೋಟೊದಲ್ಲಿ ಅವರ ಕಣ್ಣು ತುಂಬಿದ್ದವು. ಆ ಮನುಷ್ಯನಿಗೆ ಮಗಳ ಮೇಲೆ ಪ್ರೀತಿ ಇಲ್ಲ ಎಂದು ಯಾರೂ ಹೇಳಲಾರರು, ಕಷ್ಟ ಇರುವುದೇ ಅಲ್ಲಿ.

ಒಟ್ಟು ಇಪ್ಪತ್ತಮೂರು ಲಗತ್ತುಗಳಾದವು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಆ ಸಂಸ್ಥೆಯ ವಿಳಾಸಕ್ಕೆ ಇಮೇಲ್ ಕಳಿಸಿದವನು ನಾನು. ಕಳಿಸಬಾರದು ಎಂಬ ನಿಯಮವನ್ನು ನಾನೇ ಓದಿ ಹೇಳಿದ್ದೆ. ಆದರೂ ಗಿರಾಕಿ ಹೇಳಿದ್ದನ್ನು ಮಾಡುವುದೇ ಅಂಗಡಿಯವನ ಧರ್ಮ ಎಂದು ಸಮಾಧಾನ ಮಾಡಿಕೊಂಡೆ. ಹೇಡಿಗಳಿಗೆ ಧರ್ಮ ನೆನಪಾಗುವುದು ಇಂಥ ಹೊತ್ತಿನಲ್ಲೇ.

ನಾಲ್ಕು ದಿನಕ್ಕೆ ಐಶ್ವರ್ಯಾಳಿಗೆ ಉತ್ತರ ಬಂತು. ಮಧ್ಯಾಹ್ನ ನನ್ನ ಅಂಗಡಿಯಲ್ಲೇ ಅದನ್ನು ತೆರೆದಳು. ನಿಮ್ಮ ಪರವಾಗಿ ಬಂದ ದಾಖಲೆಗಳ ಪ್ರಕಾರ ನಿಮಗೆ ಹತ್ತು ವರ್ಷಗಳ ಅನುಭವವೂ ಅಂತರರಾಷ್ಟ್ರೀಯ ಪ್ರಶಸ್ತಿಯೂ ಇವೆ. ಈ ಯೋಜನೆ ಹೊಸಬರಿಗೆ ಮಾತ್ರ. ಆದ್ದರಿಂದ ನೀವು ಅನರ್ಹರೆಂದು ಕಾಣುತ್ತದೆ. ತಪ್ಪಾಗಿದ್ದರೆ ಏಳು ದಿನದೊಳಗೆ ತಿಳಿಸಿ.

ಅವಳು ಎರಡು ಸಲ ಓದಿದಳು. ನನ್ನ ಕಡೆ ತಿರುಗಿದಳು.

“ಇದನ್ನ ಯಾವ ಮಷಿನ್ನಿಂದ ಕಳಿಸಿದ್ರಿ ನದೀಮಣ್ಣ? ಇದರಿಂದನೇ ಏನು?”

ನಾನು ಲ್ಯಾಮಿನೇಷನ್ ಯಂತ್ರವನ್ನು ಒರೆಸುತ್ತಾ ನಿಂತೆ. ಅದು ಸ್ವಚ್ಛವಾಗಿಯೇ ಇತ್ತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅಲ್ಲೇ ಕೂತು ಮೂರು ಸಾಲು ಬರೆದಳು. ಆ ಕಾಗದಗಳನ್ನು ಕಳಿಸಿದ್ದು ನನ್ನ ತಂದೆ. ಅನುಭವ, ಪ್ರಶಸ್ತಿ ಎರಡೂ ಸುಳ್ಳು. ನಾನು ಮೊದಲ ತಿದ್ದುಪಡಿ ಮಾಡಿದ್ದು ಈ ಜನವರಿಯಲ್ಲಿ, ಅದು ತಾರೀಖಿನ ಸಮೇತ ಎಲ್ಲರಿಗೂ ಕಾಣುವಂತೆ ಇದೆ, ನೋಡಿಕೊಳ್ಳಿ. ಕಳಿಸಿ, ಕುರ್ಚಿ ಸರಿಸಿ, ಕಾಲೇಜಿಗೆ ಹೋದಳು.

ಸಂಜೆ ಇದು ದೌಲತರಾಯರಿಗೆ ತಿಳಿಯಿತು. ಮಗಳು ಅನರ್ಹಳಾಗಿದ್ದಾಳೆ ಎಂಬುದಕ್ಕಿಂತ ಅವಳು ಕೊಟ್ಟ ಉತ್ತರ ಅವರನ್ನು ಹೆಚ್ಚು ಕಂಗೆಡಿಸಿತು.

“ಮೂರು ಸಾಲು? ಲಗತ್ತು ಏನು ಇಟ್ಟೀದಿ?”

“ಏನೂ ಇಲ್ಲಪ್ಪ. ಇದ್ದದ್ದು ಹೇಳೀನಿ. ಮುಗೀತು, ಇನ್ನ ಸುಮ್ನ ಇರ್ರಿ.”

“ಇದ್ದದ್ದು ಹೇಳಿದ್ರ ಯಾರು ನಂಬ್ತಾರ ಬೇ? ಸಹಿ ಬ್ಯಾಡೇನು? ಸಿಕ್ಕಾ ಬ್ಯಾಡೇನು? ಹೋತು, ಎಲ್ಲಾ ಹೋತು!” ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಆದರೆ ಹೆಚ್ಚು ಹೊತ್ತು ಕೂಡುವ ಜಾಯಮಾನ ಅವರದಲ್ಲ. ಮಗಳಿಗೆ ಎಲ್ಲ ಬರುತ್ತದೆ ಎಂಬ ಕಾಗದದಿಂದ ಕೆಲಸ ಕೆಟ್ಟಿದ್ದರೆ, ಏನೂ ಬರುವುದಿಲ್ಲ ಎಂಬ ಕಾಗದದಿಂದ ಸರಿಹೋಗಲೇಬೇಕು. ಮತ್ತೆ ಬಸ್ ಹತ್ತಿದರು.

ಸಂಜುಕುಮಾರ ಒಪ್ಪಲಿಲ್ಲ. “ಹತ್ತು ವರ್ಷ ನಮ್ಮ ಕಡೆ ಇದ್ದಾಕಿಗೆ ಏನೂ ಬರಂಗಿಲ್ಲ ಅಂತ ಬರದ್ರ ನನ್ನ ಸಂಸ್ಥಾದ ಇಜ್ಜತ್ ಏನಾಗಬೇಕ್ರಿ ಮಾಮಾ?” ಎಂದ. ಇಲ್ಲದ ಹತ್ತು ವರ್ಷಗಳ ಬಗ್ಗೆ ಅವನಿಗೆ ನಿಜವಾಗಿಯೂ ಅಭಿಮಾನ ಹುಟ್ಟಿಬಿಟ್ಟಿತ್ತು.

ಭಗವಂತರು ಅಂದೋಲಾದಲ್ಲಿ ಇನ್ನೊಂದು ಸನ್ಮಾನದ ವೇದಿಕೆ ಹತ್ತುವ ಗಡಿಬಿಡಿಯಲ್ಲಿದ್ದರು. ದೌಲತರಾಯರು ಜೇವರ್ಗಿಯಿಂದ ಅಲ್ಲಿಗೂ ಹೋಗಿ ಹಿಡಿದರು.

“ರತ್ನ ವಾಪಸ್ ತಗೊಳ್ರಿ ಅಧ್ಯಕ್ಷರ.”

“ಕೊಟ್ಟ ರತ್ನ ಹಂಗ ತಗೊಳ್ಳಾಕ ಬರಂಗಿಲ್ರಿ. ಅದಕ್ಕ ವಾಪಸಿ ಸಮಾರಂಭ ಇಡಬೇಕಾಗತದ.”

“ಇಡ್ರಿ ಮತ್ತ.”

“ಇಡೋಣು. ಶಾಲು ತಂದೀರಿ?”

ದೌಲತರಾಯರು ಶಾಲು ತಂದಿರಲಿಲ್ಲ.

ಆಳಂದಕ್ಕೆ ಬಂದು ತಹಶೀಲ ಕಚೇರಿಯಲ್ಲಿ ವಿಚಾರಿಸಿದರು. ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಬಹಳ ಸೌಜನ್ಯದಿಂದ, ಇಂಥ ನಮೂನೆ ನಮ್ಮಲ್ಲಿ ಇಲ್ಲ ಎಂದು ಹೇಳಿ ಕಳಿಸಿದಳು. ಕೊನೆಗೆ ಕೈಹಿಡಿದವರು ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುವ ಜಹೀರುದ್ದೀನ ಚಾಚಾ.

“ಯಾವ ಕಾಗದಾ ಸಿಗಲ್ಲೋ, ಅದಕ್ಕ ಪಂಚನಾಮಾ ಒಂದೇ ಇಲಾಜ್ ದೌಲತರಾವ್,” ಎಂದರು ಚಾಚಾ, ಚಷ್ಮಾ ಒರೆಸುತ್ತಾ. “ಐದು ಮಂದಿ ಸಹಿ ಮಾಡಿದ್ರ, ಹೊಲದ ಮ್ಯಾಲೆ ಸಮುದ್ರ ಐತಿ ಅಂದ್ರೂ ಒಪ್ಪಬೇಕು. ರಿಶ್ತೇದಾರ, ಸಂಬಂಧಿಕರು ಆಗಬಾರ್ದು, ಅಷ್ಟೇ.”

ಪಂಚನಾಮೆ ದೌಲತರಾಯರ ಮನೆಯ ಕಟ್ಟೆಯ ಮೇಲೆ ನಡೆಯಿತು. ಒಂದು ಬಟ್ಟಲು ಸಕ್ಕರೆ ಕೇಳಿದರೆ ಬಾಗಿಲು ಹಾಕಿಕೊಳ್ಳುವ ನಮ್ಮ ಓಣಿ, ಒಬ್ಬ ಹುಡುಗಿಗೆ ಏನೂ ಬರುವುದಿಲ್ಲ ಎಂದು ಸಹಿ ಮಾಡಬೇಕಿದೆ ಎಂದ ಕೂಡಲೇ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂತು. ಹನ್ನೊಂದು ಮಂದಿ ಬಂದಿದ್ದರು. ಅವರಲ್ಲಿ ಐವರನ್ನು ಆರಿಸಿ, ಉಳಿದ ಆರು ಮಂದಿಯ ಮುನಿಸು ಕಟ್ಟಿಕೊಳ್ಳಬೇಕಾಯಿತು. ಆಯ್ಕೆಯಾದವರು ಪಕ್ಕದ ಮನೆಯ ನಿಂಬೆವ್ವ, ಬಟ್ಟೆ ಹೊಲಿಯುವ ಖುರ್ಷಿದಬೇಗಂ, ಮೊಬೈಲ್ ರಿಪೇರಿಯ ಶಹಬಾಜ ಮತ್ತು ಜಹೀರುದ್ದೀನ ಚಾಚಾ. ಐದನೆಯವನು ನಾನು. ಟೈಪ್ ಮಾಡುವವನು ಹೇಗೂ ಬೇಕಲ್ಲ, ಸಹಿಯನ್ನೂ ಮಾಡು ಎಂದರು, ಮಾಡಿದೆ.

ಸುಮ್ಮನೆ ಸಹಿ ಮಾಡಿ ಹೋಗಲು ಯಾರೂ ತಯಾರಿರಲಿಲ್ಲ. ಪ್ರತಿಯೊಬ್ಬರಿಗೂ ಸಾಕ್ಷಿ ಹೇಳಬೇಕಾಗಿತ್ತು.

“ರೊಟ್ಟಿ ಬಡ್ಯಾಕ ಬರಂಗಿಲ್ಲ, ಬರಕೋ,” ಎಂದಳು ನಿಂಬೆವ್ವ. “ಒಂದ ಸಲ ಬಡದಿದ್ಳು. ಹಪ್ಪಳೋ ರೊಟ್ಟಿಯೋ ತಿಳೀಲಿಲ್ಲ.”

“ಒಂದ್ ಗುಂಡಿ ಹಚ್ಚಾಕ ಬರಲ್ಲ ಇಕಿಗಿ,” ಎಂದಳು ಖುರ್ಷಿದಬೇಗಂ. “ಮಂದೀಗಿ ನಮಸ್ಕಾರ ಮಾಡಾಕೂ ಬರಲ್ಲ. ಮಾರಿ ಕೆಳಗ ಹಾಕ್ಕೊಂಡ್ ಹೋಗ್ತಾಳ.”

“ನನ್ನ ಫೇಸ್‌ಬುಕ್ ಪಾಸ್ವರ್ಡ್ ಮರ್ತಿದ್ದೆ,” ಎಂದ ಶಹಬಾಜ. “ತಗದು ಕೊಡವ್ವಾ ಅಂದ್ರ ಅದು ನನಗ ಬರಂಗಿಲ್ಲ ಅಂದ್ಳು. ಅಷ್ಟೂ ಬರಂಗಿಲ್ಲ ಅಂದ್ರ ಅದೆಂಥಾ ಕಂಪ್ಯೂಟರ್ ಕಲ್ತಾಳ?”

ಚಾಚಾ ಎಲ್ಲವನ್ನೂ ಸೇರಿಸಿ ಗಟ್ಟಿ ದನಿಯಲ್ಲಿ ಹೇಳಿ ಬರೆಸಿದರು. ‘ನಾವು ಕೆಳಗೆ ಸಹಿ ಮಾಡಿದ ಪಂಚರು ಪ್ರಜ್ಞಾಪೂರ್ವಕವಾಗಿ ಬರೆದುಕೊಡುವುದೇನೆಂದರೆ, ಕುಮಾರಿ ಐಶ್ವರ್ಯಾ ತಂದೆ ದೌಲತರಾಯ, ವಯಸ್ಸು ಇಪ್ಪತ್ತು, ಇವಳನ್ನು ನಾವು ಹುಟ್ಟಿದಾಗಿನಿಂದ ಬಲ್ಲೆವು. ಸದರಿಯವಳಿಗೆ ಏನೂ ಬರುವುದಿಲ್ಲ. ಹಿಂದೆಯೂ ಬರುತ್ತಿರಲಿಲ್ಲ, ಮುಂದೆ ಬರುವ ಲಕ್ಷಣಗಳೂ ಇಲ್ಲ.’

ಚಹಾ ತಂದ ಸುಭದ್ರಾಬಾಯಿ, ಹುಡುಗಿಯ ತಾಯಿ, ತಟ್ಟೆಯನ್ನು ಕುಕ್ಕಿದಳು. “ಹಡದ ಮಗಳಿಗೆ ಏನೂ ಬರಂಗಿಲ್ಲ ಅಂತ ಓಣಿ ಮಂದಿ ಕಡಿಂದ ಸಹಿ ಮಾಡಸ್ತಾರೇನ್ರಿ? ನಿಮಗ ಏನರ ತಿಳೀತದೇನು?”

“ಸುಮ್ಕಿರು ಬೇ, ಅಕಿ ಒಳ್ಳೇದಕ್ಕ ಮಾಡಾಕತ್ತೇನಿ,” ಎಂದು ದೌಲತರಾಯರು ಅರ್ಜಿದಾರರ ಜಾಗದಲ್ಲಿ ತಮ್ಮ ಸಹಿ ಹಾಕಿದರು. ಐಶ್ವರ್ಯಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಉಳಿದ ಪಂಚರಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ. ನೋಡಿದವನು ನಾನೊಬ್ಬ, ನೋಡಿ ನನಗೇನೂ ಒಳ್ಳೆಯದಾಗಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಅವಳು ಅಂಗಡಿಗೆ ಬಂದಳು. “ನದೀಮಣ್ಣ, ಅವರು ಇನ್ನೊಂದ ಸಲ ನಮ್ಮಪ್ಪನ ಲಗತ್ತು ನೋಡಿದ್ರ ನನ್ನ ಹೆಸರು ಹೊಡದ ಹಾಕ್ತಾರ. ಕಾಲ ಬೀಳ್ತೀನಿ, ಕಳಿಸಬ್ಯಾಡ್ರಿ.”

ಸಂಜೆ ದೌಲತರಾಯರು ನನ್ನೆದುರಿಗೆ ಕೂತರು. ಪಂಚನಾಮೆಯನ್ನು ಸ್ಕ್ಯಾನ್ ಮಾಡಿ ಇಮೇಲಿಗೆ ಸೇರಿಸಿದೆ. ಒಂದು ಗುಂಡಿ ಒತ್ತಿದೆ. ಅದು ಕಳಿಸುವ ಗುಂಡಿಯಾಗಿರಲಿಲ್ಲ, ಕರಡನ್ನು ಉಳಿಸುವ ಗುಂಡಿ.

“ಹೋತೇನು?”

“ಹೋತ್ರಿ ಕಾಕಾ.”

ಇಪ್ಪತ್ತು ವರ್ಷದಲ್ಲಿ ಗಿರಾಕಿ ಹೇಳಿದ್ದನ್ನು ನಾನು ಮಾಡದೇ ಇದ್ದದ್ದು ಅದೊಂದೇ ಸಲ.

ಹತ್ತು ದಿನಕ್ಕೆ ಐಶ್ವರ್ಯಾಳ ಹೆಸರು ಆಯ್ಕೆಪಟ್ಟಿಯಲ್ಲಿ ಬಂತು. ಜೊತೆಗೆ ಬಂದ ಕಾಗದದಲ್ಲಿ, ನಿಮ್ಮ ಕೆಲಸದ ದಾಖಲೆ ನೋಡಿದೆವು, ಜನವರಿಯ ತಾರೀಖು ಸರಿಯಾಗಿದೆ, ಇನ್ನು ಮುಂದೆ ದಯವಿಟ್ಟು ನೀವೊಬ್ಬರೇ ನಮಗೆ ಬರೆಯಿರಿ ಎಂದಿತ್ತು. ಅವಳು ಅಂಗಡಿಯಲ್ಲಿ ಎದ್ದು ನಿಂತು, ಮತ್ತೆ ಕೂತು, ಮತ್ತೆ ಎದ್ದಳು.

ಓಣಿಯಲ್ಲಿ ಮಾತ್ರ ಸುದ್ದಿಯ ರೂಪ ಬೇರೆಯಾಗಿತ್ತು. ಪಂಚನಾಮೆಯಿಂದ ಕೆಲಸವಾಯಿತು! ಜಹೀರುದ್ದೀನ ಚಾಚಾರ ಬೇವಿನ ಗಿಡದ ಕೆಳಗೆ ಮಂದಿಯ ಪಾಳಿ ಹತ್ತಿತು. ಮಗನಿಗೆ ಏನೂ ಬರುವುದಿಲ್ಲ ಎಂದು ಬರೆಸಿಕೊಳ್ಳಲು ಅಪ್ಪಂದಿರು ಮಾದನಹಿಪ್ಪರಗಾದಿಂದಲೂ ಬಂದರು. ಕೆಲವರ ವಿಷಯದಲ್ಲಿ ಚಾಚಾ ಮೊದಲ ಸಲ ಅಪ್ಪಟ ಸತ್ಯ ಬರೆದರು. ಖುರ್ಷಿದಬೇಗಂ, ನನ್ನ ಸಹಿ ಪರದೇಶಕ್ಕೆ ಹೋಗಿ ಬಂದಿದೆ ಎಂದು ಹೊಲಿಗೆಯ ದರ ಏರಿಸಿದಳು. ಹೆಬ್ಬೆಟ್ಟು ಒತ್ತಿದ್ದ ನಿಂಬೆವ್ವ ಆ ಬೆರಳನ್ನು ಮಂದಿಗೆ ತೋರಿಸುತ್ತಾ ತಿರುಗಿದಳು. ಸಂಜುಕುಮಾರ ಫೋನು ಮಾಡಿ, ಮುಂದಿನ ಸಲ ಎರಡೂ ತರದ ಸರ್ಟಿಫಿಕೇಟ್ ಇಡುವುದಾಗಿ ತಿಳಿಸಿದ.

ಆಮೇಲೆ ಫ್ಲೆಕ್ಸ್. ನಮ್ಮಲ್ಲಿ ಫ್ಲೆಕ್ಸ್ ಇಲ್ಲದೆ ಯಾವ ಸಂತೋಷವೂ ಕಾಯ್ದೆಶೀರ್ ಆಗುವುದಿಲ್ಲ. ದೌಲತರಾಯರು ಉಳಿದ ನಾಲ್ವರು ಪಂಚರೊಂದಿಗೆ ಬಂದು ನನ್ನ ಅಂಗಡಿ ತುಂಬಿದರು.

“ನಮ್ಮ ಸಹಿಯಿಂದ ಆದ ಕೆಲಸ,” ಎಂದ ಶಹಬಾಜ. “ನಮ್ಮ ಫೋಟೊ ಬರಬೇಕು.”

“ಪಂಚನಾಮಾ ಪೂರ್ತಿ ಬರಬೇಕು,” ಎಂದರು ಚಾಚಾ. “ಅದೇ ಅಸಲಿ ಚೀಜ್.”

ಹೇಳಿದಂತೆ ಮಾಡಿದೆ. ಹತ್ತಡಿಯ ಫ್ಲೆಕ್ಸ್ ಓಣಿಯ ಮೂಲೆಯಲ್ಲಿ ಏರಿತು. ಮೇಲೆ ದಪ್ಪ ಅಕ್ಷರದಲ್ಲಿ ‘ಸದರಿಯವಳಿಗೆ ಏನೂ ಬರುವುದಿಲ್ಲ. ಹಿಂದೆಯೂ ಬರುತ್ತಿರಲಿಲ್ಲ, ಮುಂದೆ ಬರುವ ಲಕ್ಷಣಗಳೂ ಇಲ್ಲ.’ ಕೆಳಗೆ ಹಾರ್ದಿಕ ಅಭಿನಂದನೆಗಳು, ಕೈಮುಗಿದ ಐವರು ಪಂಚರು, ನಡುವೆ ಶಾಲು ಹೊದ್ದ ದೌಲತರಾಯರು. ನನ್ನ ಫೋಟೊ ಬಲಗಡೆಯ ಮೂಲೆಯಲ್ಲಿದೆ. ಎರಡು ದಿನ ಓಣಿಯಲ್ಲಿ ದೊಡ್ಡ ಜಗಳವಾಯಿತು. ಬರೆದದ್ದನ್ನು ಓದಿ ಆದ ಜಗಳವಲ್ಲ, ಖುರ್ಷಿದಬೇಗಂಳ ಫೋಟೊ ನಿಂಬೆವ್ವನದಕ್ಕಿಂತ ನಾಲ್ಕು ಬೆರಳು ದೊಡ್ಡದಾಗಿದೆ ಎಂಬ ಜಗಳ.

ಅದನ್ನು ಓದಿದವಳು ಸುಭದ್ರಾಬಾಯಿ ಒಬ್ಬಳೇ. ಮಗಳೊಂದಿಗೆ ಸಂತೆಯಿಂದ ಬರುವಾಗ ನನ್ನ ಅಂಗಡಿಯ ಮುಂದೆ ನಿಂತು ಕೇಳಿದಳು. “ಎಲ್ಲಾರ ಫೋಟೊ ಅದ. ನನ್ನ ಮಗಳ ಫೋಟೊ ಎಲ್ಲ್ಯದೋ ನದೀಮ?”

ನಾನು ತಲೆ ತಗ್ಗಿಸಿ ಜೆರಾಕ್ಸ್ ಹಾಳೆಗಳನ್ನು ಜೋಡಿಸತೊಡಗಿದೆ.

“ಬಿಡವ್ವಾ,” ಎಂದಳು ಐಶ್ವರ್ಯಾ, ಅವಸರದಲ್ಲಿ. “ನಾಲ್ಕಕ್ಕ ನನ್ನ ಮೊದಲ್ನೇ ಮೀಟಿಂಗ್ ಅದ. ಇಪ್ಪತ್ತು ಪ್ರಶ್ನಾ ಬರಕೊಂಡೀನಿ.” ನನ್ನ ಹಳೆಯ ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ಆ ಮೀಟಿಂಗ್ ನಡೆಯುತ್ತಿರುವಾಗಲೇ, ಇನ್ನು ತಡೆಯಲಾರದೆ, ದೌಲತರಾಯರನ್ನು ಒಳಗೆ ಕರೆದು ಕೂಡಿಸಿದೆ. ಕರಡುಗಳ ಪೆಟ್ಟಿಗೆ ತೆರೆದು ತೋರಿಸಿದೆ. ಐದು ಸಹಿಯ ಪಂಚನಾಮೆ ಇನ್ನೂ ಅಲ್ಲೇ ಬಿದ್ದಿತ್ತು.

“ನಾ ಕಳಿಸಿಲ್ರಿ ಕಾಕಾ. ಅವರು ಇದನ್ನ ನೋಡೇ ಇಲ್ಲ. ಅಕಿ ಬರದ ಮೂರು ಸಾಲು, ಅಕಿ ಮಾಡಿದ ಕೆಲಸ, ಅಷ್ಟ ನೋಡಿ ತಗೊಂಡಾರ. ಅಕಿ ತನ್ನ ಸ್ವಂತ ಬಲದ ಮ್ಯಾಲ ಪಾಸಾಗ್ಯಾಳ.”

ದೌಲತರಾಯರು ಪರದೆಯ ಮೇಲಿನ ಸಹಿಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಆಚೆ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಮಗಳು ಯಾರೊಂದಿಗೋ ಇಂಗ್ಲಿಷಿನಲ್ಲಿ, ತಡವರಿಸುತ್ತಾ, ಆದರೆ ನಿಲ್ಲಿಸದೆ ಪ್ರಶ್ನೆ ಕೇಳುತ್ತಿದ್ದಳು. ಅವರು ಅವಳ ಕಡೆ ತಿರುಗಿದರು. ಅವರ ಕಣ್ಣು ತುಂಬಿ ಬಂದವು. ಈ ಸಲ ಫೋಟೊ ತೆಗೆಯುವವರು ಯಾರೂ ಇರಲಿಲ್ಲ. ಅಂತೂ ಈ ಮನುಷ್ಯನಿಗೆ ತಿಳಿಯಿತು ಎಂದುಕೊಂಡೆ.

ಅವರು ನನ್ನ ಕಿವಿಯ ಹತ್ತಿರ ಬಾಗಿದರು.

“ನದೀಮ, ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಯಾಕ್ರಿ ಕಾಕಾ?”

“ತನ್ನ ಬಲದ ಮ್ಯಾಲ ಪಾಸಾಗ್ಯಾಳ ಅಂದ್ರ ಯಾರು ನಂಬ್ತಾರೋ? ಅದಕ್ಕ ನಮ್ಮ ಕಡೆ ಕಾಗದಾ ಎಲ್ಲ್ಯದ?”